ಐವತ್ತನಾಲ್ಕರ ಅರ್ಜಿದಾರ

ಐವತ್ತು ದಾಟಿದವನ ಕೆಲಸ ಹೋದಾಗ ಮೊದಲ ಕೆಲವು ವಾರ ಎಲ್ಲರೂ ಅವನನ್ನು ಹೊಗಳುತ್ತಾರೆ. ‘ನಿಮ್ಮಷ್ಟು ಅನುಭವ ಇರುವವರಿಗೆ ಕೆಲಸಕ್ಕೇನು ಬರ’ ಎನ್ನುತ್ತಾರೆ. ಬರುಬರುತ್ತಾ ಆ ಮಾತು ಕಡಿಮೆಯಾಗಿ, ‘ಸಾಕು ಬಿಡಿ, ಇಷ್ಟು ವರ್ಷ ದುಡಿದದ್ದಾಯಿತಲ್ಲ’ ಎಂಬ ಮಾತು ಕೇಳಿಬರತೊಡಗುತ್ತದೆ. ಹೇಳುವವರು ಅವರೇ, ಕೇಳಿಸಿಕೊಳ್ಳುವವನೂ ಅವನೇ. ನನ್ನ ವಿಷಯದಲ್ಲಿ ಮೊದಲ ಮಾತಿನಿಂದ ಎರಡನೆಯ ಮಾತಿಗೆ ಬರಲು ಜನ ತೆಗೆದುಕೊಂಡ ಕಾಲ ಒಂದು ವರ್ಷಕ್ಕೂ ಕಡಿಮೆ. ನಾನು ಬರಲು ಇನ್ನೂ ಸ್ವಲ್ಪ ಹೆಚ್ಚು ಹಿಡಿಯಿತು. ಆ ದಾರಿಯಲ್ಲಿ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ.

ಯಂತ್ರಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ಎರಡೂವರೆ ದಶಕ ಕೆಲಸ ಮಾಡಿದವನು ನಾನು. ಸ್ಟೋರ್ಸ್‌ಗೆ ಸೇರಿ, ಕೊನೆಗೆ ಉತ್ಪಾದನಾ ಯೋಜನೆಯ ವಿಭಾಗ ನೋಡಿಕೊಳ್ಳುತ್ತಿದ್ದೆ. ಯಾವ ಆರ್ಡರ್ ಯಾವ ದಿನ ಯಾವ ಯಂತ್ರಕ್ಕೆ ಹೋಗಬೇಕು, ಅದಕ್ಕೆ ಬೇಕಾದ ಉಕ್ಕು, ಬೇರಿಂಗ್, ಸೀಲ್‌ಗಳೆಲ್ಲ ಅಷ್ಟರೊಳಗೆ ಬಂದಿರುವಂತೆ ಹೇಗೆ ನೋಡಿಕೊಳ್ಳಬೇಕು ಎಂಬ ಲೆಕ್ಕಾಚಾರ ನನ್ನದು. ಕಂಪ್ಯೂಟರ್ ತನ್ನದೊಂದು ಲೆಕ್ಕ ಕೊಡುತ್ತಿತ್ತು. ಆದರೆ ಒಬ್ಬ ಪೂರೈಕೆದಾರ ಹೇಳಿದ ದಿನಕ್ಕಿಂತ ಒಂದು ವಾರ ತಡವಾಗಿಯೇ ಮಾಲು ಕಳಿಸುತ್ತಾನೆ, ಹಳೆಯ ಗ್ರೈಂಡಿಂಗ್ ಯಂತ್ರ ಸೆಕೆ ಹೆಚ್ಚಾದಾಗ ಅಳತೆ ತಪ್ಪುತ್ತದೆ, ದಾಖಲೆಯಲ್ಲಿ ಎರಡು ಬೇರೆ ಸಂಕೇತ ಸಂಖ್ಯೆಗಳಿರುವ ಒಂದು ಷಾಫ್ಟ್ ನಿಜದಲ್ಲಿ ಒಂದೇ ಷಾಫ್ಟ್ ಎಂಬುದೆಲ್ಲ ಕಂಪ್ಯೂಟರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ಸಂಬಳದ ದೊಡ್ಡ ಪಾಲು ಬರುತ್ತಿದ್ದದ್ದು ಈ ತಿಳಿವಳಿಕೆಗೆ. ಕಾರ್ಖಾನೆಯ ಗೇಟು ದಾಟಿದರೆ ಅದಕ್ಕೆ ಕವಡೆ ಕಾಸಿನ ಬೆಲೆಯಿಲ್ಲ.

ನಮ್ಮ ಕಂಪನಿಯನ್ನು ದೊಡ್ಡ ಸಂಸ್ಥೆಯೊಂದು ಕೊಂಡಿತು. ಅವರ ಕೇಂದ್ರ ಕಚೇರಿಯಲ್ಲಿ ಯೋಜನಾ ವಿಭಾಗ ಮೊದಲೇ ಇತ್ತು, ಎರಡು ಬೇಕಿರಲಿಲ್ಲ. ಎಚ್‌ಆರ್ ಅಧಿಕಾರಿ ಸೌಜನ್ಯದಿಂದಲೇ ಮಾತನಾಡಿದರು. ಮೇಜಿನ ಮೇಲೆ ಒಂದು ಕಡತ, ಅದರೊಳಗೆ ಲೆಕ್ಕದ ಹಾಳೆ: ನೋಟಿಸ್ ಅವಧಿಯ ಸಂಬಳ, ಬಾಕಿ ರಜೆಯ ಹಣ, ಸೇವಾವಧಿಗೆ ತಕ್ಕ ಪರಿಹಾರ. ನಾನು ಸಹಿ ಹಾಕಬೇಕಾದ ಕಡೆಗಳಲ್ಲೆಲ್ಲ ಹಳದಿ ಚೀಟಿ ಅಂಟಿಸಿಟ್ಟಿದ್ದರು. ‘ಹಸ್ತಾಂತರದ ಟಿಪ್ಪಣಿ ಬರೆದುಕೊಟ್ಟುಬಿಡಿ ಸರ್’ ಎಂದರು. ಯಾರಿಗೆ ಹಸ್ತಾಂತರ ಎಂದು ಕೇಳಿದೆ. ‘ಆ ಜಾಗ ಖಾಲಿ ಬಿಡಿ’ ಎಂದರು. ನಾನು ಟಿಪ್ಪಣಿ ಬರೆದೆ, ಎರಡು ಸಂಖ್ಯೆಯ ಷಾಫ್ಟಿನ ವಿಷಯವನ್ನೂ ಬಿಡದೆ ಬರೆದೆ. ಯಾರಾದರೂ ಓದಿದರೋ ಇಲ್ಲವೋ.

ಮನೆಗೆ ಬಂದ ಮೇಲೆ ಮೊದಲ ಕೆಲಸ ಬಯೋಡೇಟಾ. ನನ್ನದು ನಾಲ್ಕು ಪುಟ ಇತ್ತು. ಮಗಳು ಅದನ್ನು ಓದಿ, ‘ಅಪ್ಪಾ, ಇದರಲ್ಲಿ ಅರ್ಧ ತೆಗೆಯಬೇಕು’ ಎಂದಳು. ಮೊದಲು ಹೋದದ್ದು ಪದವಿ ಪಡೆದ ವರ್ಷ. ಆಮೇಲೆ ನನ್ನ ಮೊದಲ ಎರಡು ನೌಕರಿಗಳು. ಕೊನೆಗೆ ‘ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಅನುಭವ’ ಎಂಬ ಸಾಲು ‘ಹದಿನೈದಕ್ಕೂ ಹೆಚ್ಚು ವರ್ಷಗಳ ಅನುಭವ’ ಎಂದಾಯಿತು. ಸುಳ್ಳೇನೂ ಅಲ್ಲ, ಇಪ್ಪತ್ತೈದು ಹದಿನೈದಕ್ಕಿಂತ ಹೆಚ್ಚೇ ತಾನೆ. ನಾನು ಕೆಲಸ ಕಲಿತ ಕಾಲವೆಲ್ಲ ಹಾಳೆಯಿಂದ ಮಾಯವಾಗಿ, ಕಲಿಯದೆಯೇ ಎಲ್ಲ ಬಲ್ಲವನಾಗಿ ಎರಡು ಪುಟಗಳಲ್ಲಿ ನಿಂತೆ.

ಇಷ್ಟು ಕತ್ತರಿಸಿಯೂ ಪ್ರಯೋಜನವಾಗಲಿಲ್ಲ. ಅಂತರ್ಜಾಲದ ಅರ್ಜಿ ನಮೂನೆಗಳು ಹುಟ್ಟಿದ ವರ್ಷವನ್ನು ಪಟ್ಟಿಯಿಂದ ಆರಿಸಿಕೊಳ್ಳಲು ಹೇಳುತ್ತವೆ. ಪಟ್ಟಿ ಈಗಿನ ವರ್ಷದಿಂದ ಶುರುವಾಗುತ್ತದೆ. ಬೆರಳಿನಿಂದ ಒಮ್ಮೆ ತಳ್ಳಿದರೆ ಮಗಳ ವಯಸ್ಸಿನವರ ವರ್ಷಗಳು ಬರುತ್ತವೆ, ಇನ್ನೊಮ್ಮೆ ತಳ್ಳಿದರೆ ನನ್ನ ಕೈಕೆಳಗೆ ಕೆಲಸ ಮಾಡಿದವರದು. ನನ್ನದು ಬರುವ ಹೊತ್ತಿಗೆ ಪಟ್ಟಿಯ ವೇಗ ತಾನಾಗಿಯೇ ಕಡಿಮೆಯಾಗಿರುತ್ತದೆ, ಮತ್ತೆ ತಳ್ಳಬೇಕು. ಅದನ್ನು ಕಡ್ಡಾಯವಾಗಿ ತುಂಬಲೇಬೇಕು, ತುಂಬದಿದ್ದರೆ ಮುಂದಿನ ಪುಟವೇ ತೆರೆಯುವುದಿಲ್ಲ.

ಜಾಹೀರಾತುಗಳನ್ನು ಓದುವುದನ್ನೂ ಹೊಸದಾಗಿ ಕಲಿತೆ. ‘ನಲವತ್ತು ಮೀರಿದವರು ಅರ್ಜಿ ಹಾಕಬೇಡಿ’ ಎಂದು ಬಹಳ ಕಡೆ ಬರೆಯುವಂತಿಲ್ಲ. ಅಮೆರಿಕದಲ್ಲಿ 1967ರ ಕಾಯ್ದೆ ನಲವತ್ತು ತುಂಬಿದವರನ್ನು ವಯೋಭೇದದಿಂದ ರಕ್ಷಿಸುತ್ತದೆ. ಐರೋಪ್ಯ ಒಕ್ಕೂಟ 2000ನೇ ಇಸವಿಯ ನಿರ್ದೇಶನದಲ್ಲಿ ಉದ್ಯೋಗದ ವಿಷಯದಲ್ಲಿ ವಯಸ್ಸನ್ನೂ ತಾರತಮ್ಯದ ಕಾರಣಗಳ ಪಟ್ಟಿಗೆ ಸೇರಿಸಿದೆ. ಆದರೆ ‘ಮೂರರಿಂದ ಏಳು ವರ್ಷ ಅನುಭವ ಇರುವವರು’ ಎಂದು ಬರೆಯುವುದನ್ನು ತಡೆಯುವುದು ಅಷ್ಟು ಸುಲಭವಲ್ಲ. ಕನಿಷ್ಠ ಅನುಭವ ಕೇಳುವುದು ನನಗೆ ಅರ್ಥವಾಗುತ್ತದೆ. ಗರಿಷ್ಠ ಅನುಭವ ಯಾಕೆ? ಏಳು ವರ್ಷಕ್ಕಿಂತ ಹೆಚ್ಚು ಗೊತ್ತಿದ್ದರೆ ಯಂತ್ರ ಕೆಡುತ್ತದೆಯೇ? ‘ಹುರುಪಿನ ತಂಡ’, ‘ಡಿಜಿಟಲ್ ಯುಗದಲ್ಲೇ ಬೆಳೆದವರು’, ‘ವೇಗಕ್ಕೆ ಹೊಂದಿಕೊಳ್ಳುವವರು’ ಎಂಬವೂ ಅದೇ ಜಾತಿಯ ಮಾತುಗಳು. ಉದ್ಯೋಗ ಕೊಡಿಸುವ ಏಜೆನ್ಸಿಯೊಂದರ ಹುಡುಗ ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದ: ‘ವಯಸ್ಸಿನ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಸರ್. ತಂಡಕ್ಕೆ ಹೊಂದುವವರು ಬೇಕು ಅನ್ನುತ್ತಾರೆ. ಆಗ ನಾವು ಅರ್ಥ ಮಾಡಿಕೊಳ್ಳುತ್ತೇವೆ.’ ಅವನ ಮೇಲೆ ನನಗೆ ಗೌರವ ಬಂತು.

ಅರ್ಜಿ ಹಾಕಿದವನಿಗೆ ಕಾನೂನು ಯಾಕೆ ಒದಗಿ ಬರುವುದಿಲ್ಲ ಎಂಬುದು ಆಗ ಹೊಳೆಯಿತು. ಕೆಲಸದಲ್ಲಿದ್ದವನನ್ನು ವಯಸ್ಸಿನ ಕಾರಣಕ್ಕೆ ತೆಗೆದರೆ ಅವನ ಬಳಿ ಹಳೆಯ ಪತ್ರಗಳಿರುತ್ತವೆ, ಸಾಕ್ಷಿ ಹೇಳುವ ಸಹೋದ್ಯೋಗಿಗಳಿರುತ್ತಾರೆ, ತನ್ನ ಜಾಗಕ್ಕೆ ಯಾರು ಬಂದರು ಎಂಬುದು ತಿಳಿಯುತ್ತದೆ. ಹೊರಗೆ ನಿಂತು ಅರ್ಜಿ ಹಾಕಿದವನಿಗೆ ಇದ್ಯಾವುದೂ ಇಲ್ಲ. ತನ್ನ ಅರ್ಜಿಯನ್ನು ಮನುಷ್ಯರು ಓದಿದರೇ ಎಂಬುದೂ ಗೊತ್ತಾಗುವುದಿಲ್ಲ. ಯಾರ ಮೇಲೆ ದೂರು ಕೊಡುವುದು?

ಅದಕ್ಕಾಗಿಯೇ ಸಂಶೋಧಕರು ಸುಳ್ಳು ಅರ್ಜಿಗಳನ್ನು ಹಾಕಿ ನೋಡುತ್ತಾರೆ. ಕೆಲಸವಿಲ್ಲದವನಿಗೆ ಗ್ರಂಥಾಲಯವೇ ಕಚೇರಿ. ಅಲ್ಲಿ ಕುಳಿತು ನಾನು ನನ್ನಂಥವರ ಬಗ್ಗೆ ಓದತೊಡಗಿದೆ. ಅರ್ಥಶಾಸ್ತ್ರಜ್ಞ ಡೇವಿಡ್ ನ್ಯೂಮಾರ್ಕ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಅಮೆರಿಕದಲ್ಲಿ 40,000ಕ್ಕೂ ಹೆಚ್ಚು ಕಾಲ್ಪನಿಕ ಅರ್ಜಿಗಳನ್ನು ಕಳಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಚೇರಿ ಸಹಾಯಕಿಯ ಹುದ್ದೆಗೆ ಅರ್ಜಿ ಹಾಕಿದ ಮೂವತ್ತರ ಆಸುಪಾಸಿನ ಹೆಂಗಸರಿಗೆ ಶೇ 14ರಷ್ಟು ಕಡೆಗಳಿಂದ ಕರೆ ಬಂದರೆ, ಐವತ್ತರ ಆಸುಪಾಸಿನವರಿಗೆ ಶೇ 10, ಅರವತ್ತೈದರ ಆಸುಪಾಸಿನವರಿಗೆ ಶೇ 8ಕ್ಕೂ ಕಡಿಮೆ. ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ ಥರದ ಅರ್ಜಿಗಳು. ಗಂಡಸರ ವಿಷಯದಲ್ಲಿ ಸಾಕ್ಷ್ಯ ಅಷ್ಟು ಗಟ್ಟಿಯಾಗಿರಲಿಲ್ಲ. ಇದನ್ನು ಹೆಂಡತಿಗೆ ಹೇಳಿದಾಗ ಅವಳು, ‘ನೋಡಿ, ಅದರಲ್ಲೂ ನಿಮಗೇ ವಾಸಿ’ ಎಂದಳು. ಅವಳು ಶಾಲೆಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾಳೆ. ತನ್ನ ಕೆಲಸ ಹೋದರೆ ತನಗೆ ಇನ್ನೊಂದು ಸಿಗುವುದಿಲ್ಲ ಎಂದು ಸಂಶೋಧನೆ ಓದದೆಯೇ ಅವಳಿಗೆ ಗೊತ್ತಿತ್ತು.

ಕರೆಗಳು ಬರಲೇ ಇಲ್ಲ ಎಂದಲ್ಲ, ಬಂದವು. ಒಂದು ಸಂದರ್ಶನವನ್ನು ಮಾತ್ರ ವಿವರವಾಗಿ ಹೇಳುತ್ತೇನೆ, ಉಳಿದವೂ ಬಹುಪಾಲು ಹೀಗೇ ಇದ್ದವು. ಎದುರಿಗೆ ಕುಳಿತವರಿಗೆ ಮೂವತ್ತೈದು ಇರಬಹುದು. ನನ್ನ ಮುಂದೆ ಒಂದು ಬಿಳಿ ಹಾಳೆ ಇಟ್ಟು, ಒಂದು ವಾರದ ಉತ್ಪಾದನೆಯ ಸಮಸ್ಯೆ ಕೊಟ್ಟರು: ಮೂರು ಯಂತ್ರ, ಐದು ಆರ್ಡರ್, ಒಂದು ಯಂತ್ರ ಮಂಗಳವಾರ ದುರಸ್ತಿಗೆ ನಿಲ್ಲುತ್ತದೆ. ನಾನು ಬಿಡಿಸಿದೆ. ಮಂಗಳವಾರದ ದುರಸ್ತಿಯನ್ನು ಸೋಮವಾರದ ಕೊನೆಯ ಪಾಳಿಗೆ ತಂದರೆ ಒಂದು ಆರ್ಡರ್ ಒಂದು ದಿನ ಮೊದಲೇ ಮುಗಿಯುತ್ತದೆ ಎಂದೂ ತೋರಿಸಿದೆ. ಅವರಿಗೆ ನಿಜವಾಗಿ ಸಂತೋಷವಾಯಿತು, ಹಾಳೆಯ ಫೋಟೊ ತೆಗೆದುಕೊಂಡರು. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು: ‘ಸರ್, ನೀವು ನನ್ನ ಕೈಕೆಳಗೆ ಕೆಲಸ ಮಾಡಬೇಕಾಗುತ್ತದೆ. ನಿಮಗೆ ಬೇಸರ ಆಗುವುದಿಲ್ಲವೇ?’ ಆಗುವುದಿಲ್ಲ ಎಂದೆ. ‘ಹಿಂದಿನ ಸಂಬಳಕ್ಕಿಂತ ಇದು ಕಡಿಮೆ.’ ಗೊತ್ತಿದೆ, ಒಪ್ಪಿಗೆ ಇದೆ ಎಂದೆ. ಆ ಕ್ಷಣದಲ್ಲಿ ಅವರ ಮುಖದಲ್ಲಿ ಒಂದು ಅನುಮಾನ ಕಂಡಿತು. ಹೆಚ್ಚು ಸಂಬಳ ಕೇಳಿದ್ದರೆ ದುಬಾರಿ ಎಂದು ಬಿಡುತ್ತಿದ್ದರು. ಕಡಿಮೆಗೆ ಒಪ್ಪಿದ್ದರಿಂದ, ಇವರಲ್ಲಿ ಏನೋ ಐಬಿರಬೇಕು ಅಥವಾ ಒಳ್ಳೆಯದು ಸಿಕ್ಕ ಕೂಡಲೇ ಬಿಟ್ಟುಹೋಗುತ್ತಾರೆ ಎಂದುಕೊಂಡಿರಬೇಕು. ‘ಈ ಹುದ್ದೆಗೆ ನಿಮ್ಮ ಅರ್ಹತೆ ಹೆಚ್ಚಾಯಿತು’ ಎಂದು ಆಮೇಲೆ ಮಿಂಚಂಚೆ ಬಂತು. ಐವತ್ತನಾಲ್ಕರವನಿಗೆ ಬಿಟ್ಟುಹೋಗಲು ಇನ್ನೊಂದು ಜಾಗ ಎಲ್ಲಿದೆ ಎಂದು ಅವರು ಕೇಳಿಕೊಳ್ಳಲಿಲ್ಲ. ನನ್ನ ವಯಸ್ಸಿನವರಷ್ಟು ಭದ್ರವಾಗಿ ಕುರ್ಚಿಗೆ ಅಂಟಿಕೊಳ್ಳುವ ನೌಕರ ಅವರಿಗೆ ಬೇರೆ ಸಿಗಲಾರ.

ಇದರ ಹಿಂದೆ ಬರೀ ಪೂರ್ವಗ್ರಹ ಇದೆ ಎಂದು ನಾನು ಹೇಳುವುದಿಲ್ಲ. ಲೆಕ್ಕವೂ ಇದೆ. ಎಡ್ವರ್ಡ್ ಲೇಜಿಯರ್ ಎಂಬ ಅರ್ಥಶಾಸ್ತ್ರಜ್ಞರು 1979ರಲ್ಲಿ ಒಂದು ವಾದ ಮುಂದಿಟ್ಟರು. ಅನೇಕ ಸಂಸ್ಥೆಗಳು ನೌಕರನಿಗೆ ಎಳೆಯ ವಯಸ್ಸಿನಲ್ಲಿ ಅವನ ದುಡಿಮೆಯ ಬೆಲೆಗಿಂತ ಕಡಿಮೆ ಕೊಟ್ಟು, ಹಿರಿಯನಾದಾಗ ಹೆಚ್ಚು ಕೊಡುತ್ತವೆ. ಮುಂದೆ ಸಿಗುವ ಆಸೆಯಿಂದ ಅವನು ನಿಷ್ಠೆಯಿಂದ ದುಡಿಯುತ್ತಾನೆ. ಹೀಗಾಗಿ ಹಿರಿಯನನ್ನು ಇಟ್ಟುಕೊಳ್ಳುವುದು ಹಳೆಯ ಬಾಕಿ ತೀರಿಸಿದ ಹಾಗೆ. ಹೊಸದಾಗಿ ಒಬ್ಬ ಹಿರಿಯನನ್ನು ಸೇರಿಸಿಕೊಳ್ಳುವ ಸಂಸ್ಥೆ ಮಾತ್ರ ತಾನು ಮಾಡದ ಸಾಲವನ್ನು ಯಾಕೆ ತೀರಿಸಬೇಕು? ರಾಬರ್ಟ್ ಹಚೆನ್ಸ್ ಎಂಬವರು 1986ರಲ್ಲಿ ಇದೇ ಎಳೆ ಹಿಡಿದು, ಇಂಥ ಸಂಸ್ಥೆಗಳಲ್ಲಿ ಹಿರಿಯರು ಕೆಲಸ ಮಾಡುತ್ತಿರುತ್ತಾರೆ, ಆದರೆ ಹಿರಿಯರ ಹೊಸ ನೇಮಕ ಕಡಿಮೆ ಎಂದು ತೋರಿಸಿದರು. ನನ್ನ ಹಳೆಯ ಕಾರ್ಖಾನೆಯೂ ಹೀಗೇ ಇತ್ತು. ನನ್ನ ವಿಭಾಗಕ್ಕೆ ನಾನೇ ಸಂದರ್ಶನ ಮಾಡುತ್ತಿದ್ದ ಕಾಲದಲ್ಲಿ ಐವತ್ತು ದಾಟಿದವರ ಅರ್ಜಿ ನನ್ನ ಮೇಜಿನವರೆಗೆ ಬಂದದ್ದು ನೆನಪಿಲ್ಲ. ನಡುವೆ ಯಾರೋ ಸೋಸುತ್ತಿದ್ದರು.

ಅದಕ್ಕೇ ಅಂಕಿಅಂಶ ನೋಡುವವರಿಗೆ ನಮ್ಮ ಕಷ್ಟ ಕಾಣುವುದಿಲ್ಲ. ಬಹಳಷ್ಟು ದೇಶಗಳಲ್ಲಿ ಐವತ್ತೈದು ದಾಟಿದವರ ನಿರುದ್ಯೋಗ ಪ್ರಮಾಣ ಯುವಜನರದಕ್ಕಿಂತ ಕಡಿಮೆ. ಕೆಲಸ ಉಳಿಸಿಕೊಂಡವರು ಹಾಯಾಗಿರುತ್ತಾರೆ. ಕಳೆದುಕೊಂಡವರು ಸಂಖ್ಯೆಯಲ್ಲಿ ಕಡಿಮೆ, ಆದರೆ ಅವರ ಹುಡುಕಾಟ ಎಳೆಯರದಕ್ಕಿಂತ ಬಹಳ ಉದ್ದ. ಹಲವರದು ಮುಗಿಯುವುದೇ ಇಲ್ಲ, ನಿಂತುಹೋಗುತ್ತದೆ. ಸಿಕ್ಕವರಿಗೂ ಹಳೆಯ ಸಂಬಳ ಸಿಗುವುದಿಲ್ಲ. ಪೆನ್ಸಿಲ್ವೇನಿಯಾದ ಕೆಲಸಗಾರರ ದಾಖಲೆಗಳನ್ನು ಹಿಡಿದು 1993ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದು, ಸಂಕಷ್ಟದಲ್ಲಿದ್ದ ಸಂಸ್ಥೆಗಳಿಂದ ಹೊರಬಿದ್ದ ದೀರ್ಘ ಸೇವೆಯ ನೌಕರರ ಗಳಿಕೆ ವರ್ಷಗಳು ಕಳೆದರೂ ಸರಾಸರಿ ಶೇ 25ರಷ್ಟು ಕಡಿಮೆಯೇ ಉಳಿಯಿತು ಎಂದು ಕಂಡುಕೊಂಡಿತು. ನಾನು ಓದಿದ ಎಲ್ಲ ಸಂಖ್ಯೆಗಳಲ್ಲಿ ನನ್ನ ಜೀವನಕ್ಕೆ ನೇರವಾಗಿ ತಾಗಿದ್ದು ಇದು. ಕಡಿಮೆ ಸಂಬಳಕ್ಕೆ ನಾನು ಒಪ್ಪಿದ್ದು ವಿನಯದಿಂದಲ್ಲ, ಈ ಲೆಕ್ಕ ತಿಳಿದಿದ್ದರಿಂದ.

ಅರ್ಧ ವರ್ಷ ಕಳೆದ ಮೇಲೆ ಸಂದರ್ಶನಗಳಲ್ಲಿ ಹೊಸ ಪ್ರಶ್ನೆಯೊಂದು ಸೇರಿಕೊಂಡಿತು: ‘ಇಷ್ಟು ದಿನ ಏನು ಮಾಡುತ್ತಿದ್ದಿರಿ?’ ಕೆಲಸ ಹುಡುಕುತ್ತಿದ್ದೆ ಎಂಬ ಉತ್ತರ ಯಾರಿಗೂ ರುಚಿಸುವುದಿಲ್ಲ. ನಿರುದ್ಯೋಗದ ಅವಧಿ ಉದ್ದವಾದಷ್ಟೂ ಕರೆಗಳು ಕಡಿಮೆಯಾಗುತ್ತವೆ ಎಂಬುದನ್ನೂ ಸುಳ್ಳು ಅರ್ಜಿಗಳಿಂದಲೇ ಅಳೆದಿದ್ದಾರೆ. ಅಮೆರಿಕದ 100 ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಮೊದಲ 8 ತಿಂಗಳಲ್ಲಿಯೇ ಇಳಿತ ಕಡಿದಾಗಿತ್ತು. ಆ ಅರ್ಜಿದಾರರು ಹೆಚ್ಚಾಗಿ ಎಳೆಯರು. ವಯಸ್ಸಾದವನಿಗೆ ಎರಡೂ ಕೂಡಿಕೊಳ್ಳುತ್ತವೆ: ವಯಸ್ಸಿನಿಂದಾಗಿ ಅವಧಿ ಉದ್ದವಾಗುತ್ತದೆ, ಉದ್ದವಾದ ಅವಧಿಯೇ ಮತ್ತೊಂದು ಐಬಾಗುತ್ತದೆ.

ಉದ್ಯೋಗ ಕಚೇರಿಯವರು ನನ್ನನ್ನು ಕಂಪ್ಯೂಟರ್ ತರಬೇತಿಗೆ ಕಳಿಸಿದರು. ವಯಸ್ಸು ನೋಡಿ ಆರಿಸಿದ್ದು, ಕೌಶಲ ನೋಡಿ ಅಲ್ಲ. ಮೊದಲ ಪಾಠ ಮೌಸ್ ಹಿಡಿಯುವುದು. ಪಕ್ಕದ ಕುರ್ಚಿಯಲ್ಲಿದ್ದವರು ಮೂವತ್ತು ವರ್ಷ ಮುದ್ರಣಾಲಯದಲ್ಲಿ ಪುಟವಿನ್ಯಾಸ ಮಾಡಿದವರು, ಮೌಸ್ ಹಿಡಿದು ಹಿಡಿದೇ ಅವರ ಮಣಿಕಟ್ಟು ನೋಯುತ್ತಿತ್ತು. ಪಾಠ ಮಾಡುತ್ತಿದ್ದ ಹುಡುಗಿ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸೂತ್ರ ತಪ್ಪಾಗಿ ಹಾಕಿದಾಗ ನಾವಿಬ್ಬರೂ ಒಟ್ಟಿಗೆ ಕೈ ಎತ್ತಿದೆವು. ಮರುದಿನದಿಂದ ಅವಳು ನಮ್ಮನ್ನೇ ಮುಂದೆ ಕೂರಿಸಿ ಉಳಿದವರಿಗೆ ಹೇಳಿಕೊಡಿಸಿದಳು. ಕೊನೆಯಲ್ಲಿ ನಮಗೂ ಪ್ರಮಾಣಪತ್ರ ಕೊಟ್ಟರು. ನನ್ನ ಬಯೋಡೇಟಾದಲ್ಲಿ ಅದನ್ನು ಸೇರಿಸಲಿಲ್ಲ. ‘ಹಿರಿಯರಿಗಾಗಿ’ ಎಂದು ಅದರ ತಲೆಬರಹದಲ್ಲೇ ಇತ್ತು.

ಹೊತ್ತು ಕಳೆಯುವುದರ ಬಗ್ಗೆ ಒಂದಿಷ್ಟು ಹೇಳಲೇಬೇಕು. ವಿಯೆನ್ನಾದ ಬಳಿಯ ಮಾರಿಯೆಂಟಾಲ್ ಎಂಬ ಊರಿನ ಜವಳಿ ಗಿರಣಿ ಮುಚ್ಚಿ ಊರಿಗೆ ಊರೇ ನಿರುದ್ಯೋಗಿಯಾದಾಗ, ಸಮಾಜ ಮನೋವಿಜ್ಞಾನಿ ಮರೀ ಯಹೋಡಾ ಮತ್ತು ಸಂಗಡಿಗರು ಅಲ್ಲಿನ ಜನಜೀವನವನ್ನು ಅಧ್ಯಯನ ಮಾಡಿ 1933ರಲ್ಲಿ ಪ್ರಕಟಿಸಿದರು. ಅವರು ಬೀದಿಯಲ್ಲಿ ನಿಂತು ಜನರ ನಡಿಗೆಯ ವೇಗ ಅಳೆದರು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ನಡುನಡುವೆ ನಿಲ್ಲುತ್ತಿದ್ದರು. ಮನೆಗೆಲಸ ಕಾಯುತ್ತಿದ್ದುದರಿಂದ ಹೆಂಗಸರು ಬೇಗ ನಡೆಯುತ್ತಿದ್ದರು. ಪುರುಸೊತ್ತು ಹೆಚ್ಚಾದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು, ಶುಲ್ಕ ತೆಗೆದುಹಾಕಿದರೂ ಹೆಚ್ಚಲಿಲ್ಲ. ಇದನ್ನು ಓದಿದ ಮೇಲೆ ನಾನು ದಾರಿಯಲ್ಲಿ ನನ್ನ ನಡಿಗೆ ಗಮನಿಸಿಕೊಳ್ಳತೊಡಗಿದೆ. ಎದುರಿಗೆ ಪರಿಚಯದವರು ಕಂಡರೆ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ, ಎಲ್ಲಿಗೋ ತಡವಾಗಿದೆ ಎಂಬಂತೆ. ಅವರು ಮರೆಯಾದ ಮೇಲೆ ಮತ್ತೆ ಮಾಮೂಲಿ. ಯಹೋಡಾ ಮುಂದೆ ತಮ್ಮ ಬರಹಗಳಲ್ಲಿ, ಕೆಲಸ ಎಂಬುದು ಸಂಬಳದ ಜೊತೆಗೆ ದಿನಕ್ಕೊಂದು ಕಟ್ಟು, ಮನೆಯಾಚೆಯ ಒಡನಾಟ, ಒಂದು ಸ್ಥಾನಮಾನ ಇವನ್ನೂ ಕೊಡುತ್ತದೆ ಎಂದು ವಿವರಿಸಿದರು. ನನಗೆ ಹೆಚ್ಚು ಕಾಡಿದ್ದು ಒಡನಾಟದ ಕೊರತೆ. ನನ್ನ ಜೊತೆ ಜಗಳ ಆಡುವವರು ಯಾರೂ ಇರಲಿಲ್ಲ. ಕಾರ್ಖಾನೆಯಲ್ಲಿ ದಿನಕ್ಕೊಮ್ಮೆಯಾದರೂ ಮಾರಾಟ ವಿಭಾಗದವರ ಜೊತೆ ಕಿತ್ತಾಡುತ್ತಿದ್ದೆ, ಮನೆಯವರ ಜೊತೆ ಹಾಗೆ ಆಡಲಾಗುವುದಿಲ್ಲ.

ಇದೇ ಹೊತ್ತಿಗೆ ಆ ಎರಡನೆಯ ಮಾತು ಶುರುವಾಯಿತು: ಸಾಕು ಬಿಡಿ. ಕೆಲವರು ಅದಕ್ಕೆ ನೀತಿಯ ಬಣ್ಣವನ್ನೂ ಹಚ್ಚಿದರು: ‘ಹುಡುಗರಿಗೆ ಜಾಗ ಬಿಡಬೇಕಲ್ಲವೇ?’ ಕೇಳಲು ಚೆನ್ನಾಗಿದೆ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಯುರೋಪಿನ ಸರ್ಕಾರಗಳೂ ಹೀಗೆಯೇ ನಂಬಿ ಹಿರಿಯರನ್ನು ಬೇಗ ಮನೆಗೆ ಕಳಿಸಲು ಹಣ ಸುರಿದವು. ಅರ್ಥಶಾಸ್ತ್ರಜ್ಞರಾದ ಜೊನಾಥನ್ ಗ್ರೂಬರ್ ಮತ್ತು ಡೇವಿಡ್ ವೈಸ್ ಅವರ ಮುಂದಾಳತ್ವದಲ್ಲಿ 12 ದೇಶಗಳ ದಾಖಲೆ ಪರಿಶೀಲಿಸಿ 2010ರಲ್ಲಿ ಹೊರಬಂದ ಅಧ್ಯಯನಕ್ಕೆ, ಹಿರಿಯರು ಹೊರನಡೆದದ್ದರಿಂದ ಕಿರಿಯರಿಗೆ ಕೆಲಸ ಹೆಚ್ಚಾದ ಕುರುಹು ಸಿಗಲಿಲ್ಲ. ನನ್ನದನ್ನೇ ನೋಡಿ: ನಾನು ಬಿಟ್ಟ ಕುರ್ಚಿಯಲ್ಲಿ ಯಾವ ಹುಡುಗನೂ ಕೂರಲಿಲ್ಲ. ಕುರ್ಚಿಯನ್ನೇ ಮಾರಿದರು.

ಹಿರಿಯ ನಿರುದ್ಯೋಗಿಗಳಿಗಾಗಿ ಕೆಲವು ದೇಶಗಳು ಪಕ್ಕದ ಬಾಗಿಲೊಂದನ್ನು ತೆರೆದಿಟ್ಟಿದ್ದವು. ಫಿನ್ಲೆಂಡಿನಲ್ಲಿ ನಿರ್ದಿಷ್ಟ ವಯಸ್ಸು ಮೀರಿ ಕೆಲಸ ಕಳೆದುಕೊಂಡವರಿಗೆ ನಿವೃತ್ತಿಯವರೆಗೂ ನಿರುದ್ಯೋಗ ಭತ್ಯೆ ಮುಂದುವರಿಯುತ್ತಿತ್ತು. ಅದನ್ನು ಅಲ್ಲಿನವರು ನಿರುದ್ಯೋಗದ ಕೊಳವೆ ಎನ್ನುತ್ತಾರೆ, ಒಂದು ತುದಿಯಲ್ಲಿ ಹೊಕ್ಕರೆ ಇನ್ನೊಂದು ತುದಿಯಲ್ಲಿ ಪಿಂಚಣಿ. 1965ರಲ್ಲಿ ಮತ್ತು ಅನಂತರ ಹುಟ್ಟಿದವರಿಗೆ ಈ ಕೊಳವೆ ಇಲ್ಲ. ಜರ್ಮನಿಯಲ್ಲಿ 58 ತುಂಬಿದವರು ಕೆಲಸ ಹುಡುಕುತ್ತಿದ್ದೇವೆ ಎಂದು ತೋರಿಸದೆಯೇ ಭತ್ಯೆ ಪಡೆಯಬಹುದಿತ್ತು, 2007ರ ಕೊನೆಗೆ ಅದು ಹೊಸಬರಿಗೆ ನಿಂತಿತು. ಫ್ರಾನ್ಸಿನಲ್ಲಿಯೂ ಇಂಥದೇ ವಿನಾಯಿತಿ 2012ರಲ್ಲಿ ಹೊಸಬರಿಗೆ ಮುಚ್ಚಿತು. ಆಸ್ಟ್ರಿಯಾದ ಕಥೆ ಇನ್ನೂ ಸ್ವಾರಸ್ಯದ್ದು. ಉಕ್ಕಿನ ಉದ್ಯಮ ಕುಸಿದಾಗ, 1988ರಿಂದ 1993ರವರೆಗೆ ಕೆಲವು ಪ್ರದೇಶಗಳಲ್ಲಿ ಐವತ್ತು ದಾಟಿದವರಿಗೆ ಮಾತ್ರ ಭತ್ಯೆಯ ಗರಿಷ್ಠ ಅವಧಿಯನ್ನು 209 ವಾರಕ್ಕೆ ಏರಿಸಿದರು. ಆ ವಯೋಮಾನದವರ ನಿರುದ್ಯೋಗ ಏರಿತು, ಅನೇಕರು ಅಲ್ಲಿಂದ ನೇರವಾಗಿ ನಿವೃತ್ತಿಗೆ ಹೋದರು. ಇದನ್ನು ಓದಿದ ಕೆಲವರು ‘ನೋಡಿ, ದುಡ್ಡು ಕೊಟ್ಟರೆ ಯಾರು ದುಡಿಯುತ್ತಾರೆ’ ಎನ್ನುತ್ತಾರೆ. ನಾನು ಕಂಪನಿಯ ಕಡೆಯಿಂದಲೂ ನೋಡುತ್ತೇನೆ. ಯಾರನ್ನು ತೆಗೆಯಬೇಕು ಎಂದು ಪಟ್ಟಿ ಮಾಡುವವನಿಗೆ, ಐವತ್ತು ದಾಟಿದವನನ್ನು ತೆಗೆದರೆ ಸರ್ಕಾರ ನಾಲ್ಕು ವರ್ಷ ನೋಡಿಕೊಳ್ಳುತ್ತದೆ ಎಂದು ಗೊತ್ತಿದ್ದರೆ, ಪಟ್ಟಿಯಲ್ಲಿ ಮೊದಲು ಯಾರ ಹೆಸರು ಬರುತ್ತದೆ? ಅಂಥ ಪಟ್ಟಿಗಳನ್ನು ಮಾಡುವ ಸಭೆಗಳಲ್ಲಿ ಕುಳಿತಿದ್ದೇನೆ. ಎಲ್ಲರೂ ಮೊದಲು ಹುಡುಕುವುದು ಯಾರಿಗೆ ಕಡಿಮೆ ಪೆಟ್ಟಾಗುತ್ತದೆ ಎಂಬುದನ್ನೇ.

ನನಗೆ ಅಂಥ ಬಾಗಿಲು ಇರಲಿಲ್ಲ. ಇದ್ದದ್ದು ಉಳಿತಾಯ ಮತ್ತು ಹೆಂಡತಿಯ ಸಂಬಳ. ಒಂದು ರಾತ್ರಿ ಇಬ್ಬರೂ ಸ್ಪ್ರೆಡ್‌ಶೀಟ್ ತೆರೆದು ಕುಳಿತೆವು. ಒಂದು ಸಾಲಿನಲ್ಲಿ ಪಿಂಚಣಿ ಬರುವವರೆಗಿನ ವರ್ಷಗಳು, ಕೆಳಗೆ ಖರ್ಚು, ಅದರ ಕೆಳಗೆ ಉಳಿತಾಯ ಕರಗುವ ಬಗೆ. ಅವಳು ‘ಆಸ್ಪತ್ರೆ’ ಎಂದು ಒಂದು ಸಾಲು ಸೇರಿಸಿದಳು. ನಾನು ‘ಸಿಗಬಹುದಾದ ಕೆಲಸ’ ಎಂದು ಒಂದು ಸಾಲು ಇಟ್ಟಿದ್ದೆ, ಅದರಲ್ಲಿ ಹಳೆಯ ಸಂಬಳದ ಮುಕ್ಕಾಲು ತುಂಬಿದ್ದೆ. ಅವಳು ಆ ಸಾಲನ್ನು ಅಳಿಸಲಿಲ್ಲ, ಪ್ರತಿ ಮನೆಯಲ್ಲೂ ಸೊನ್ನೆ ಹಾಕಿದಳು. ‘ಬಂದರೆ ಬರಲಿ, ಲೆಕ್ಕದಲ್ಲಿ ಬೇಡ’ ಎಂದಳು. ಸೊನ್ನೆ ಹಾಕಿಯೂ ಕೊನೆಯ ಸಾಲು ತೀರಾ ಕೆಂಪಾಗಲಿಲ್ಲ. ಬಿಗಿ ಹಿಡಿದರೆ ಸಾಗುತ್ತಿತ್ತು. ಅಲ್ಲಿಂದಾಚೆ ಒಂದೊಂದು ಅರ್ಜಿ ತುಂಬುವಾಗಲೂ ಆ ಸೊನ್ನೆಗಳು ಕಣ್ಣಮುಂದೆ ಬರುತ್ತಿದ್ದವು. ನಿಲ್ಲಿಸುತ್ತೇನೆ ಎಂದು ನಾನು ಯಾರಿಗೂ ಹೇಳಲಿಲ್ಲ. ವಾರಕ್ಕೆ ಹಲವು ಇದ್ದ ಅರ್ಜಿಗಳು ತಿಂಗಳಿಗೆ ಕೆಲವಾದವು, ಆಮೇಲೆ ಆ ಕೆಲವೂ ಇಲ್ಲ. ನಿಂತದ್ದು ಯಾವಾಗ ಎಂದು ಕೇಳಿದರೆ ದಿನ ಹೇಳಲಾರೆ.

ದಿನ ಗೊತ್ತುಮಾಡಿದವರು ಬೇರೆ. ಉದ್ಯೋಗ ಸಮೀಕ್ಷೆಗೆ ನಮ್ಮ ಮನೆ ಆಯ್ಕೆಯಾಗಿತ್ತು. ಟ್ಯಾಬ್ಲೆಟ್ ಹಿಡಿದುಬಂದ ಸಮೀಕ್ಷಕಿ ಒಂದೇ ದನಿಯಲ್ಲಿ ಪ್ರಶ್ನೆಗಳನ್ನು ಓದುತ್ತಾ ಹೋದರು.

‘ಕಳೆದ ವಾರ ಹಣಕ್ಕಾಗಿ ಒಂದು ಗಂಟೆಯಾದರೂ ಕೆಲಸ ಮಾಡಿದಿರಾ?’

‘ಇಲ್ಲ.’

‘ಕಳೆದ ನಾಲ್ಕು ವಾರಗಳಲ್ಲಿ ಕೆಲಸ ಹುಡುಕಲು ಏನಾದರೂ ಪ್ರಯತ್ನ ಮಾಡಿದಿರಾ?’

ಸ್ವಲ್ಪ ಯೋಚಿಸಿದೆ. ‘ಇಲ್ಲ. ಅದಕ್ಕೆ ಮೊದಲು ಬಹಳ ಮಾಡಿದ್ದೇನೆ.’

‘ಈ ನಾಲ್ಕು ವಾರದ್ದು ಮಾತ್ರ ಹೇಳಿ ಸರ್.’

‘ಇಲ್ಲ.’

‘ಈಗ ಕೆಲಸ ಸಿಕ್ಕರೆ ಸೇರಲು ಸಿದ್ಧರಿದ್ದೀರಾ?’

‘ನಾಳೆಯೇ ಸೇರುತ್ತೇನೆ.’

ಅವರು ಗುರುತು ಹಾಕಿ ಮುಂದಿನ ಪುಟಕ್ಕೆ ಹೋದರು. ಆ ಲೆಕ್ಕದ ರೀತಿ ನನಗೆ ಆಗಲೇ ತಿಳಿದಿತ್ತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಾನದಂಡದಂತೆ ನಿರುದ್ಯೋಗಿ ಎನಿಸಿಕೊಳ್ಳಲು ಮೂರು ಶರತ್ತು: ಕೆಲಸ ಇರಬಾರದು, ಸಿಕ್ಕರೆ ಮಾಡಲು ಸಿದ್ಧನಿರಬೇಕು, ಹುಡುಕುತ್ತಿರಬೇಕು. ಮೂರನೆಯದು ತಪ್ಪಿದರೆ ಅವನು ನಿರುದ್ಯೋಗಿಯೂ ಅಲ್ಲ, ಕೆಲಸದಲ್ಲಿರುವವರು ಮತ್ತು ನಿರುದ್ಯೋಗಿಗಳು ಸೇರಿದ ಕಾರ್ಮಿಕ ಬಲದಿಂದಲೇ ಹೊರಗೆ. 2013ರಲ್ಲಿ ಪರಿಷ್ಕರಿಸಿದ ಮಾನದಂಡ ನನ್ನಂಥವರನ್ನು ‘ಸಂಭಾವ್ಯ ಕಾರ್ಮಿಕ ಬಲ’ ಎಂಬ ಬೇರೆ ಗುಂಪಿನಲ್ಲಿ ಎಣಿಸಲು ಹೇಳುತ್ತದೆ, ಆದರೆ ಪತ್ರಿಕೆಗಳ ಮುಖಪುಟಕ್ಕೆ ಬರುವುದು ನಿರುದ್ಯೋಗದ ಪ್ರಮಾಣ ಮಾತ್ರ. ಅಂದರೆ ನಾನು ಹುಡುಕುವುದನ್ನು ಬಿಟ್ಟ ಕೂಡಲೇ ಆ ಪ್ರಮಾಣ ಕೂದಲೆಳೆಯಷ್ಟು ಇಳಿಯಿತು. ಸುಧಾರಣೆಗೆ ನನ್ನ ಕಾಣಿಕೆ.

ಕೆಲಸ ಹುಡುಕದಿರಲು ಕಾರಣವೇನು ಎಂಬ ಪ್ರಶ್ನೆಗೆ ಅವರು ಆಯ್ಕೆಗಳನ್ನು ಓದಿದರು: ಅನಾರೋಗ್ಯ, ಮನೆಯ ಹೊಣೆ, ವ್ಯಾಸಂಗ, ನಿವೃತ್ತಿ, ಕೆಲಸ ಸಿಗುವುದಿಲ್ಲ ಎಂಬ ನಂಬಿಕೆ. ‘ಕೊನೆಯದು’ ಎಂದೆ. ಹೆಂಡತಿ ಒಳಗಿನಿಂದ, ‘ನಂಬಿಕೆ ಅಲ್ಲ, ಲೆಕ್ಕ ಅಂತ ಬರೆದುಕೊಳ್ಳಿ’ ಎಂದಳು. ಸಮೀಕ್ಷಕಿ ನಕ್ಕರು. ಅಂಥ ಆಯ್ಕೆ ಅದರಲ್ಲಿ ಇರಲಿಲ್ಲ.

ಕೆಲವು ತಿಂಗಳಾದ ಮೇಲೆ, ಹೇಳಿದ ದಿನಕ್ಕಿಂತ ಒಂದು ವಾರ ತಡವಾಗಿ ಮಾಲು ಕಳಿಸುತ್ತಿದ್ದ ಆ ಪೂರೈಕೆದಾರನೇ ಫೋನ್ ಮಾಡಿದ. ತನ್ನ ಉಗ್ರಾಣದ ದಾಸ್ತಾನಿಗೂ ಪುಸ್ತಕದ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ, ವಾರಕ್ಕೊಮ್ಮೆ ಬಂದು ನೋಡುತ್ತೀರಾ ಎಂದು ಕೇಳಿದ. ಅವನು ವರ್ಷಗಟ್ಟಲೆ ನನ್ನಿಂದ ಬೈಸಿಕೊಂಡವನು, ಹಾಗಾಗಿ ನನ್ನ ಕೆಲಸ ಹೇಗೆಂದು ಬಯೋಡೇಟಾ ಇಲ್ಲದೆಯೇ ಬಲ್ಲ. ವಯಸ್ಸು ಕೇಳಲಿಲ್ಲ. ನಾನು ಹೋಗತೊಡಗಿದೆ. ಮೊದಲ ದಿನವೇ ಒಂದೇ ಬೇರಿಂಗ್ ಎರಡು ಹೆಸರಿನಲ್ಲಿ ದಾಖಲಾಗಿದ್ದದ್ದು ಸಿಕ್ಕಿತು. ಅವನು ತಡ ಮಾಡುತ್ತಿದ್ದ ಕಾರಣವೂ ಅಲ್ಲೇ ಇತ್ತು: ಒಂದು ಹೆಸರಿನಲ್ಲಿ ದಾಸ್ತಾನು ಮುಗಿದಿದೆ ಎಂದು ಹೊಸದಕ್ಕೆ ಕಾಯುತ್ತಿದ್ದ, ಇನ್ನೊಂದು ಹೆಸರಿನಲ್ಲಿ ಅದು ಪಕ್ಕದ ಕಪಾಟಿನಲ್ಲೇ ಬಿದ್ದಿತ್ತು. ಹಣ ಹೇಳಿಕೊಳ್ಳುವಂಥದ್ದಲ್ಲ. ಜಗಳ ಮಾತ್ರ ಧಾರಾಳ.

ಇಂಥ ಸಮೀಕ್ಷೆಗಳಲ್ಲಿ ಅದೇ ಮನೆಗೆ ಮತ್ತೆ ಬರುವುದುಂಟು. ಅದೇ ಸಮೀಕ್ಷಕಿ ಮತ್ತೆ ಬಂದರು. ಕಳೆದ ವಾರ ಒಂದು ಗಂಟೆಯಾದರೂ ಹಣಕ್ಕಾಗಿ ಕೆಲಸ ಮಾಡಿದಿರಾ ಎಂದು ಕೇಳಿದರು. ಮಾಡಿದೆ, ಒಂದು ದಿನ, ಮಧ್ಯಾಹ್ನದವರೆಗೆ ಎಂದೆ. ಹುಡುಕಾಟದ ಪ್ರಶ್ನೆಗಳನ್ನೆಲ್ಲ ಹಾರಿಸಿ ಟ್ಯಾಬ್ಲೆಟ್ ಬೇರೆಯೇ ಪುಟ ತೆರೆಯಿತು. ನಾನು ಉದ್ಯೋಗಿಗಳ ಪಟ್ಟಿಗೆ ಸೇರಿದ್ದೆ. ಆ ಪುಟದಲ್ಲಿ ಹೊಸ ಪ್ರಶ್ನೆಯೊಂದಿತ್ತು: ಇನ್ನೂ ಹೆಚ್ಚು ಹೊತ್ತು ಕೆಲಸ ಮಾಡಲು ಇಷ್ಟಪಡುತ್ತೀರಾ? ಹೌದು ಎಂದೆ. ವಾರಕ್ಕೆ ಎಷ್ಟು ಗಂಟೆ ಎಂದು ಕೇಳಿದರು. ನಲವತ್ತು ಎಂದೆ. ಅವರು ನಲವತ್ತು ಎಂದು ತುಂಬಿಕೊಂಡರು.